ಶುಲ್ಕದ ಲೆಕ್ಕವಾಯಿತು, ಷೆಡ್ಯೂಲು ಓದಿದವರು ಯಾರು?

ಮಾನ್ಯರೇ,

ಆಸ್ತಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆದಾಗಿನಿಂದ ಮಾತೆಲ್ಲ ಖರ್ಚಿನ ಸುತ್ತಲೇ ನಡೆದಿದೆ. ಖರ್ಚು ದೊಡ್ಡದೇ. ನಗರದಲ್ಲಿ 60 ಲಕ್ಷದ ಮನೆಗೆ ಶೇ 5ರಂತೆ ಮುದ್ರಾಂಕ ಶುಲ್ಕ 3 ಲಕ್ಷ, ಆ ಶುಲ್ಕದ ಮೇಲೆ ಶೇ 10ರ ಸೆಸ್ 30 ಸಾವಿರ, ಶೇ 2ರ ಸರ್‌ಚಾರ್ಜ್ 6 ಸಾವಿರ, ನೋಂದಣಿ ಶುಲ್ಕ 1.20 ಲಕ್ಷ, ಒಟ್ಟು 4.56 ಲಕ್ಷ ರೂಪಾಯಿ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ಕ್ರಯದ ಮೊತ್ತಕ್ಕಿಂತ ಹೆಚ್ಚಿದ್ದರೆ ಲೆಕ್ಕ ಹಾಕುವುದು ಅದರ ಮೇಲೆಯೇ.

ಇಷ್ಟೆಲ್ಲ ಕಟ್ಟಿದ ಮೇಲೂ ಕೊಂಡವರನ್ನು ಮತ್ತೆ ಉಪನೋಂದಣಾಧಿಕಾರಿ ಕಚೇರಿಗೆ ಎಳೆತರುವುದು ಕ್ರಯಪತ್ರದ ಕೊನೆಯಲ್ಲಿ ಆಸ್ತಿಯ ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಬರೆಯುವ ಭಾಗವಾದ ಷೆಡ್ಯೂಲು. ಹೆಸರು, ಮೊತ್ತ, ಚೆಕ್ ನಂಬರ್ ನೋಡಿ ಜನ ಸಹಿ ಹಾಕುತ್ತಾರೆ; ಚಕ್ಕುಬಂದಿಯ ನಾಲ್ಕು ಸಾಲು ಓದುವುದಿಲ್ಲ. ಬಹಳಷ್ಟು ಷೆಡ್ಯೂಲುಗಳು ಹಳೆಯ ಪತ್ರದಿಂದ ಹಾಗೇ ನಕಲಾದವು. ಅಂದು ‘ಪೂರ್ವಕ್ಕೆ ಖಾಲಿ ನಿವೇಶನ’ ಎಂದಿದ್ದ ಕಡೆ ಇಂದು ಮನೆ ಎದ್ದಿದೆ, ‘ಉತ್ತರಕ್ಕೆ ಓಣಿ’ ಎಂದಿದ್ದುದು ರಸ್ತೆಯಾಗಿದೆ. ಇನ್ನು ಕೆಲವು ಕಡೆ ಪೂರ್ವ-ಪಶ್ಚಿಮಗಳೇ ಅದಲು ಬದಲು.

ಅಳತೆಯದು ಇನ್ನೊಂದು ಪಾಡು. ಹಳೆಯ ಪತ್ರ ಅಡಿಯಲ್ಲಿ, ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆಯಾದ ಇ-ಖಾತಾ ಮೀಟರಿನಲ್ಲಿ. 30x40 ನಿವೇಶನವೆಂದರೆ 1,200 ಚದರ ಅಡಿ, ಅಂದರೆ 111.48 ಚದರ ಮೀಟರ್. ಅದನ್ನೇ 9.14 x 12.19 ಎಂದು ಮೊದಲು ಮೀಟರಿಗೆ ತಂದು ಗುಣಿಸಿದರೆ 111.42 ಬರುತ್ತದೆ. ವ್ಯತ್ಯಾಸ ಪುಡಿಗಾಸಿನಷ್ಟು, ಆದರೆ ಪತ್ರದಲ್ಲೊಂದು ಖಾತೆಯಲ್ಲೊಂದು ಅಂಕಿ ಇದ್ದರೆ ಮುಂದೆ ಬ್ಯಾಂಕಿನ ವಕೀಲರು ಪ್ರಶ್ನೆ ಎತ್ತುವುದು ಅಲ್ಲೇ. ಖಾತೆಯಲ್ಲಿರುವ ಅಂಕಿಯನ್ನೇ ಪತ್ರಕ್ಕೆ ಇಳಿಸಿ, ಪಕ್ಕದಲ್ಲಿ ಅಡಿಯ ಲೆಕ್ಕವನ್ನೂ ಬರೆಸುವುದು ಒಳ್ಳೆಯದು.

ತಪ್ಪು ನೋಂದಣಿಯಾದ ಮೇಲೆ ಗೊತ್ತಾದರೆ ತಿದ್ದುಪಡಿ ಪತ್ರ ಬೇಕು. ಅದಕ್ಕೆ ಮಾರಿದವರೇ ಬಂದು ಮತ್ತೆ ಸಹಿ ಹಾಕಬೇಕು. ಹಣ ಪೂರ್ತಿ ಕೈಸೇರಿದ ಮೇಲೆ ಬರಲು ಅವರಿಗೇನು ಅವಸರ? ಅವರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಸಹಿ ಬೇಕು. ಯಾರೂ ಒಪ್ಪದಿದ್ದರೆ ಉಳಿಯುವುದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಸೆಕ್ಷನ್ ಅಡಿ ದಾವೆ. ಕರಡಿನ ಹಂತದಲ್ಲಿ ಹತ್ತು ನಿಮಿಷ ಕೂತು ಓದಿದ್ದರೆ ತಪ್ಪುತ್ತಿದ್ದ ಕೆಲಸ.

ಇ-ಖಾತೆಯ ಬಗ್ಗೆಯೂ ಒಂದು ತಪ್ಪು ಕಲ್ಪನೆಯಿದೆ. 2024ರ ಅಕ್ಟೋಬರಿನಿಂದೀಚೆಗೆ ಇ-ಖಾತಾ ಇಲ್ಲದೆ ನೋಂದಣಿಯಿಲ್ಲವಾದ್ದರಿಂದ, ‘ಸರ್ಕಾರವೇ ಎಲ್ಲ ನೋಡಿದೆ’ ಎಂಬ ಧೈರ್ಯ ಜನರಿಗೆ ಬಂದಿದೆ. ಖಾತೆ ಕಂದಾಯ ಕಟ್ಟುವವರ ದಾಖಲೆ. ನೋಂದಣಿಯಾಗುವುದೂ ಪತ್ರ ಮಾತ್ರ. ಮಾರುವವರಿಗೆ ಹಕ್ಕು ಇತ್ತೇ ಎಂಬುದನ್ನು ಕಚೇರಿ ತೀರ್ಮಾನಿಸುವುದಿಲ್ಲ. ಋಣಭಾರ ಪತ್ರ ಅಥವಾ ಇಸಿಯಲ್ಲಿ ಕಾಣುವುದೂ ನೋಂದಣಿಯಾದ ವ್ಯವಹಾರಗಳಷ್ಟೇ. ನೋಂದಣಿಯಾಗದ ಕರಾರು, ಮರಣಶಾಸನ, ಮೂಲಪತ್ರವನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ, ಕೋರ್ಟಿನಲ್ಲಿರುವ ಪಾಲಿನ ದಾವೆ ಇವೆಲ್ಲ ಅದರ ಕಣ್ಣಿಗೆ ಬೀಳದೇ ಹೋಗಬಹುದು. ಬ್ಯಾಂಕ್ ಸಾಲಕ್ಕೆ, ಅಡಮಾನಗಳನ್ನು ದಾಖಲಿಸುವ ಕೇಂದ್ರ ನೋಂದಣಿಯಾದ ಸೆರ್ಸಾಯ್ ಜಾಲತಾಣದಲ್ಲಿ ಹುಡುಕಬೇಕು. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳ ಸಹಿಯನ್ನೂ ಪಡೆಯಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಅವರದೂ ಸಮಪಾಲು. ಮಂಜೂರಾತಿ ಜಮೀನಿನ ವಾಸನೆ ಬಂದರೆ 1978ರ ಪಿಟಿಸಿಎಲ್ ಕಾಯ್ದೆಗೆ ಒಳಪಡುತ್ತದೆಯೇ ಎಂದು ಮೊದಲು ವಿಚಾರಿಸಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ, ನೋಂದಣಿಯಾಗಿದ್ದರೂ ಆ ಕ್ರಯ ಊರ್ಜಿತವಲ್ಲ.

ವಿದೇಶದಲ್ಲಿರುವ ಕನ್ನಡಿಗರು ಊರಿನ ಮನೆ ಮಾರಲು ಅಣ್ಣನಿಗೋ ಭಾವನಿಗೋ ಜಿಪಿಎ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಕಳಿಸುವುದು ಈಗ ಮಾಮೂಲು. ಅದು ಅಲ್ಲಿನ ನೋಟರಿ ಅಥವಾ ಭಾರತೀಯ ಕಾನ್ಸುಲೇಟ್ ಎದುರು ಆಗಿರಬೇಕು, ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿರಬೇಕು. ಕೊಟ್ಟವರು ತೀರಿಕೊಂಡರೆ ಜಿಪಿಎ ಅಲ್ಲಿಗೇ ಮುಗಿಯಿತು. ಹಾಗಾಗಿ ನೋಂದಣಿಯ ಹಿಂದಿನ ದಿನವಾದರೂ ಮಾಲೀಕರನ್ನು ವಿಡಿಯೊ ಕರೆಯಲ್ಲಿ ಮಾತಾಡಿಸುವುದು ಲೇಸು. ಕ್ರಯ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇ 1 ಟಿಡಿಎಸ್ ಹಿಡಿಯಬೇಕೆಂಬುದು ಹೆಚ್ಚಿನವರಿಗೆ ಗೊತ್ತು. ಆದರೆ ಮಾರುವವರು ಅನಿವಾಸಿಗಳಾದರೆ ಈ 50 ಲಕ್ಷದ ಮಿತಿಯೇ ಇಲ್ಲ, ದರವೂ ಬಹಳ ಹೆಚ್ಚು. ಹಿಡಿಯದಿದ್ದರೆ ನೋಟಿಸು ಬರುವುದು ಕೊಂಡವರಿಗೆ.

ನೋಂದಣಿ ಇಲಾಖೆಗೆ ಕೇಳುವುದು ಇಷ್ಟೇ. ಇಲಾಖೆಯ ಆನ್‌ಲೈನ್ ನೋಂದಣಿ ವ್ಯವಸ್ಥೆಯಾದ ಕಾವೇರಿ 2.0ರಲ್ಲಿ ಕರಡು ಪರಿಶೀಲನೆಗೆ ಹೋಗುವ ಮುನ್ನ, ಷೆಡ್ಯೂಲನ್ನೂ ಇ-ಖಾತೆಯ ಅಳತೆ, ಚಕ್ಕುಬಂದಿಯನ್ನೂ ಅಕ್ಕಪಕ್ಕ ತೋರಿಸುವ ಒಂದು ಪುಟ ಕೊಳ್ಳುವವರ ಮೊಬೈಲಿಗೆ ಹೋಗಲಿ. ಅವರು ಒಪ್ಪಿದ ಮೇಲೆಯೇ ಶುಲ್ಕ ಕಟ್ಟಿಸಿಕೊಂಡು ಸ್ಲಾಟ್ ಕೊಡಲಿ. ಖಾತೆಯ ವಿವರ ಹೇಗೂ ಕಂಪ್ಯೂಟರಿನಲ್ಲಿದೆ, ಶುಲ್ಕವೂ ಇಮ್ಮಡಿಯಾಗಿದೆ.

– ಒಬ್ಬ ಪತ್ರ ಬರಹಗಾರ, ತುಮಕೂರು