ಪರೀಕ್ಷೆಗೊಂದು ಆವೃತ್ತಿ, ಜನರಿಗೊಂದು ಆವೃತ್ತಿ

ಮಾನ್ಯರೇ,

ಅಪ್‌ಡೇಟ್ ಹಾಕಿಕೊಂಡ ಮರುಗಳಿಗೆಗೇ ಆ್ಯಪ್ ಮುಚ್ಚಿಹೋದರೆ ಜನ ಬೈಯುವುದು ತಮ್ಮ ಹಳೆಯ ಫೋನನ್ನು. ಎಷ್ಟೋ ಸಲ ಫೋನಿನ ತಪ್ಪೇನೂ ಇರುವುದಿಲ್ಲ. ತಯಾರಕರು ಪರೀಕ್ಷೆಯ ಬಿಲ್ಡ್‌ಗೆ (ಕೋಡ್‌ನಿಂದ ಸಿದ್ಧವಾದ ಆ್ಯಪ್ ಪ್ರತಿಗೆ) ಒಂದು ಮಿನ್‌ಎಸ್‌ಡಿಕೆ, ಅಂದರೆ ಆ್ಯಪ್ ಓಡಲು ಬೇಕಾದ ಕನಿಷ್ಠ ಆಂಡ್ರಾಯ್ಡ್ ಆವೃತ್ತಿಯ ಅಂಕಿ (ಎಪಿಐ ಮಟ್ಟ), ಪ್ಲೇ ಸ್ಟೋರ್‌ಗೆ ಹೋಗುವ ಬಿಲ್ಡ್‌ಗೆ ಇನ್ನೊಂದು ಇಟ್ಟಿರುತ್ತಾರೆ.

ಈ ರೂಢಿಗೆ ಹಿಂದೆ ಕಾರಣವಿತ್ತು. ಆ್ಯಪ್‌ನ ಕೋಡ್ ಕೂರುವ ಒಂದು ಡೆಕ್ಸ್ ಕಡತದಲ್ಲಿ 65,536 ಮೆಥಡ್‌ಗಳಿಗಷ್ಟೇ (ಕೋಡ್‌ನ ತುಣುಕುಗಳಿಗಷ್ಟೇ) ಜಾಗ, ಮಿಕ್ಕರೆ ಹಲವು ಕಡತಗಳ ಮಲ್ಟಿಡೆಕ್ಸ್ ಬೇಕು, ಆಂಡ್ರಾಯ್ಡ್ 5.0ಕ್ಕಿಂತ ಹಳೆಯ ಫೋನ್‌ಗಳಿಗೆ ಮಲ್ಟಿಡೆಕ್ಸ್ ಬಿಲ್ಡ್ ಆಮೆವೇಗ. ಅದಕ್ಕೇ ಪರೀಕ್ಷೆಯ ‘ಡೆವ್’ ಫ್ಲೇವರ್‌ಗೆ (ಒಂದೇ ಆ್ಯಪ್‌ನ ಒಂದು ಬಗೆಗೆ) ಮಾತ್ರ 21, ಅಂದರೆ ಆಂಡ್ರಾಯ್ಡ್ 5.0, ಎಂದು ಬರೆಯುತ್ತಿದ್ದರು. ಈಗ ಆ್ಯಪ್ ಬರೆಯುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೊ ಜೋಡಿಸಿದ ಫೋನಿನ ಎಪಿಐ ನೋಡಿ ಡಿಬಗ್ ಬಿಲ್ಡನ್ನು ತಾನೇ ಚುರುಕಾಗಿಸುತ್ತದೆ. ನಕಲು ಹೊಡೆದ ಸಾಲು ಮಾತ್ರ ಬಿಲ್ಡ್‌ನ ಸೂಚನೆಗಳಿರುವ ಗ್ರೇಡಲ್ ಕಡತದಲ್ಲಿ ಬೇರೂರಿದೆ.

ಡೆವ್ 26, ಪ್ರಾಡ್ (ಜನರಿಗೆ ಹೋಗುವ ಫ್ಲೇವರ್) 23 ಎಂದಿಟ್ಟುಕೊಳ್ಳಿ. ದಿನಾಂಕಕ್ಕೆ ಬಳಸುವ ಜಾವಾದ ಲೋಕಲ್‌ಡೇಟ್ ಆಂಡ್ರಾಯ್ಡ್‌ಗೆ ಬಂದದ್ದು ಎಪಿಐ 26ರಲ್ಲಿ. ಡೆವ್ ಮೇಲೆ ಓಡಿಸಿದ, ಕೋಡ್‌ನ ತಪ್ಪು ಹುಡುಕುವ ಲಿಂಟ್ ತುಟಿಪಿಟಕ್ಕೆನ್ನುವುದಿಲ್ಲ. ಹೊಸ ಜಾವಾ ಸೌಲಭ್ಯಗಳನ್ನು ಹಳೆಯ ಫೋನ್‌ಗಳಿಗೂ ಒದಗಿಸುವ ಕೋರ್ ಲೈಬ್ರರಿ ಡಿಶುಗರಿಂಗ್ ಹಾಕಿರದಿದ್ದರೆ ಆಂಡ್ರಾಯ್ಡ್ 7ರಲ್ಲಿ ‘ನೋ ಕ್ಲಾಸ್ ಡೆಫ್ ಫೌಂಡ್’ ಎಂದು ಆ್ಯಪ್ ಕುಸಿಯುತ್ತದೆ. ಪರೀಕ್ಷಕರು ಹಳೆಯ ಫೋನ್ ತಂದರೂ ಪ್ರಯೋಜನವಿಲ್ಲ, ಡೆವ್ ಬಿಲ್ಡ್ ಅದರಲ್ಲಿ ಇನ್‌ಸ್ಟಾಲ್ ಆಗುವುದೇ ಇಲ್ಲ! ಮಿನ್‌ಎಸ್‌ಡಿಕೆ 24 ಕೇಳುವ ಲೈಬ್ರರಿ (ಬೇರೆಯವರ ಸಿದ್ಧ ಕೋಡ್) ಸೇರಿಸಿದರೂ ಇದೇ ಕಥೆ: ಡೆವ್‌ನಲ್ಲಿ ಸಲೀಸು, ಬಿಡುಗಡೆಯ ದಿನ ಪ್ರಾಡ್‌ನಲ್ಲಿ ಮ್ಯಾನಿಫೆಸ್ಟ್ ಮರ್ಜರ್ (ಆ್ಯಪ್, ಲೈಬ್ರರಿಗಳ ವಿವರಪತ್ರ ಕೂಡಿಸುವ ಹಂತ) ಫೇಲ್. ಆ ಗಡಿಬಿಡಿಯಲ್ಲಿ ಯಾರೋ ‘ಓವರ್‌ರೈಡ್ ಲೈಬ್ರರಿ’ (ಲೈಬ್ರರಿ ಕೇಳುವ ಅಂಕಿ ಕಡೆಗಣಿಸು) ಎಂದು ಬರೆದು ಬಾಯಿ ಮುಚ್ಚಿಸುತ್ತಾರೆ. ದೋಷ ಹೋಗದು, ಬಳಕೆದಾರರ ಜೇಬಿಗೆ ದಾಟುತ್ತದೆ.

ಎಲ್ಲ ಬಿಲ್ಡ್‌ಗಳಿಗೂ ಅನ್ವಯಿಸುವ ಡಿಫಾಲ್ಟ್ ಕಾನ್ಫಿಗ್‌ನಲ್ಲಿ ಮಿನ್‌ಎಸ್‌ಡಿಕೆ ಒಂದೇ ಇರಲಿ. ಡೆವ್ ಫ್ಲೇವರ್‌ಗೆ ಅಪ್ಲಿಕೇಶನ್ ಐಡಿ ಸಫಿಕ್ಸ್ (ಆ್ಯಪ್‌ನ ಗುರುತಿಗೊಂದು ಬಾಲ) ಕೊಟ್ಟರೆ ಎರಡೂ ಬಿಲ್ಡ್ ಒಂದೇ ಫೋನಿನಲ್ಲಿ ಅಕ್ಕಪಕ್ಕ ಕೂರುತ್ತವೆ. ಬೇರೆ ಅಂಕಿ ಬೇಕೇಬೇಕೆಂದರೆ ಬಿಲ್ಡ್ ಟೈಪ್‌ನಲ್ಲಿ (ಡಿಬಗ್, ರಿಲೀಸ್ ಎಂಬ ವಿಂಗಡಣೆಯಲ್ಲಿ) ಬರೆಯಲು ಹೋಗಬೇಡಿ, ಅಲ್ಲಿ ಆ ಸೌಲಭ್ಯವೇ ಇಲ್ಲ. ಫ್ಲೇವರ್‌ನಲ್ಲೋ ಗ್ರೇಡಲ್ ಕಡತದ ‘ಬಿಫೋರ್ ವೇರಿಯಂಟ್ಸ್’ ಭಾಗದಲ್ಲೋ ಬರೆಯಬೇಕು. ಆಗಲೂ ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ತಾನೇ ಪರೀಕ್ಷಿಸುವ ವ್ಯವಸ್ಥೆಯಲ್ಲಿ) ಲಿಂಟ್ ಓಡಬೇಕಾದದ್ದು ಪ್ರಾಡ್ ರಿಲೀಸ್ ಮೇಲೆ, ಯುಐ (ಪರದೆಯ) ಪರೀಕ್ಷೆ ನಡೆಯಬೇಕಾದದ್ದು ಎಪಿಐ 23ರ ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನೊಳಗಿನ ಅಣಕು ಫೋನಿನಲ್ಲಿ), ಪ್ರಾಡ್ ಬಿಲ್ಡ್‌ನಿಂದಲೇ.

ಹಳೆಯ ಫೋನ್‌ಗಳಲ್ಲಿ ಪರೀಕ್ಷಿಸುವ ವ್ಯವಧಾನವಿಲ್ಲದ ತಂಡ ಪ್ರಾಡ್‌ನ ಅಂಕಿಯನ್ನೇ ಏರಿಸಿಬಿಡಲಿ. ಆಗ ಪ್ಲೇ ಸ್ಟೋರ್ ಆ ಫೋನ್‌ಗಳಿಗೆ ಹೊಸ ಅಪ್‌ಡೇಟ್ ಕಳಿಸುವುದಿಲ್ಲ, ಬಳಕೆದಾರರ ಬಳಿ ಈಗಿರುವ ಆವೃತ್ತಿ ಇದ್ದಂತೆಯೇ ಇರುತ್ತದೆ.

– ಆ್ಯಪ್ ತಯಾರಕರ ತಂಡವೊಂದರ ಪರವಾಗಿ, ಬೆಂಗಳೂರು