ನಿನ್ನ ಪೂಜೆ, ನಿನ್ನ ಕೆಲಸ: ಮಗಳಿಗೊಂದು ಪತ್ರ

ಹಾಸನ

ಪ್ರೀತಿಯ ಪುಟ್ಟಿ,

ದಿನಾ ದೇವರಿಗೆ ದೀಪ ಹಚ್ಚುವವಳು ಮಸೀದಿ, ಚರ್ಚಿನವರ ಕೇಸು ಹಿಡಿದು ಯಾಕೆ ಓಡಾಡುತ್ತೀಯ ಅಂತ ನಿನ್ನ ಆಫೀಸಿನಲ್ಲಿ ಯಾರೋ ಕೇಳಿದರು ಅಂದೆಯಲ್ಲ, ಆ ಮಾತು ತಲೆಯಲ್ಲೇ ಕೂತಿದೆ. ದೀಪ ಹಚ್ಚುವವಳಾಗಿದ್ದಕ್ಕೇ ಓಡಾಡುತ್ತೀಯ ಅಂತ ನನ್ನ ನಂಬಿಕೆ. ಫೋನಿನಲ್ಲಿ ಹೇಳುವಷ್ಟು ಸಣ್ಣ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಜ್ಜಿಯ ಮಡಿ ನಿನಗೆ ಗೊತ್ತಲ್ವಾ. ಪರರ ಮನೆಯಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ರಂಜಾನ್ ಹಬ್ಬಕ್ಕೆ ಎದುರು ಮನೆ ಆಂಟಿ ಹೊಸ ಸ್ಟೀಲ್ ಡಬ್ಬಿಯಲ್ಲಿ ಶಾವಿಗೆ, ಸಕ್ಕರೆ, ದ್ರಾಕ್ಷಿ, ಗೋಡಂಬಿ ಹಾಗೇ ಬೇಯಿಸದೆ ಕಳಿಸುತ್ತಿದ್ದರು. ಅಜ್ಜಿ ಅದರಲ್ಲೇ ಪಾಯಸ ಮಾಡಿ, ದೇವರ ಮುಂದಿಟ್ಟು, ಆಮೇಲೆ ನಿಮಗೆಲ್ಲ ಬಡಿಸುತ್ತಿದ್ದರು. ಗೌರಿ ಹಬ್ಬಕ್ಕೆ ಅದೇ ಡಬ್ಬಿಯಲ್ಲಿ ಕಡುಬು ಆ ಮನೆಗೆ ಹೋಗುತ್ತಿತ್ತು. ಅಜ್ಜಿ ತಮ್ಮ ನೇಮ ಬಿಡಲಿಲ್ಲ, ಬಿಡಿ ಅಂತ ಅವರೂ ಅನ್ನಲಿಲ್ಲ. ನೀನು ಬೆಳೆದದ್ದು ಆ ಪಾಯಸ ತಿಂದು.

ಆದರೆ ಅಂಥ ಎದುರು ಮನೆ ಎಲ್ಲರಿಗೂ ಸಿಗುವುದಿಲ್ಲ. ಪ್ರೀತಿ ಇದ್ದಾಗ ಎಲ್ಲ ಚೆನ್ನಾಗೇ ಇರುತ್ತದೆ. ಇಲ್ಲದಾಗ ಕೈ ಹಿಡಿಯುವವರು ಯಾರು? ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉತ್ತರ ಕಲ್ಲಿನ ಮೇಲಿದೆ. ಶ್ರವಣಬೆಳಗೊಳದಲ್ಲಿ ವಿಜಯನಗರದ ರಾಜ ಬುಕ್ಕರಾಯನ 1368ರ ಶಾಸನವಿದೆಯಲ್ಲ, ಅದು. ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆ ಅಂತ ಜೈನರು ರಾಜನ ಹತ್ತಿರ ದೂರು ತಂದರು. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಕ್ಕೂ ಭೇದವಿಲ್ಲ, ಜೈನರಿಗಾದ ಹಾನಿ ವೈಷ್ಣವರಿಗಾದ ಹಾನಿ ಅಂತ ಹೇಳಿದ.

ಇಷ್ಟನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ನನಗೆ ಜಾಸ್ತಿ ಇಷ್ಟವಾಗುವುದು ಅದರ ಮುಂದಿನ ಭಾಗ. ಜೈನರು ಹಿಂದಿನಂತೆಯೇ ಪಂಚಮಹಾವಾದ್ಯ ಬಾರಿಸಬಹುದು, ಕಳಸ ಇಡಬಹುದು ಅಂತ ಬಿಡಿಸಿ ಬರೆಸಿದ್ದಾರೆ. ಜೈನರ ಒಂದೊಂದು ಮನೆಯಿಂದ ವರ್ಷಕ್ಕೆ ಒಂದು ಹಣ, ಅಂದರೆ ಆಗಿನ ಒಂದು ನಾಣ್ಯ. ಅದರಲ್ಲಿ ಬೆಳಗೊಳದ ದೇವರಿಗೆ 20 ಜನ ಕಾವಲಿನವರು. ಮಿಕ್ಕ ದುಡ್ಡಲ್ಲಿ ಹಳೆಯ ಬಸದಿಗಳಿಗೆ ಸುಣ್ಣ. ಇದನ್ನೆಲ್ಲ ನಡೆಸುವ ಹೊಣೆ ಯಾರದ್ದು ಗೊತ್ತಾ? ತಿರುಮಲೆಯ ತಾತಯ್ಯನವರದ್ದು, ಅಂದರೆ ವೈಷ್ಣವರದ್ದೇ! ಯಾರ ಮೇಲೆ ದೂರು ಬಂದಿತ್ತೋ ಅವರ ಕಡೆಯವರೇ ಕಾವಲಿಗೆ ಜನ ಇಡಬೇಕು. ಸುಮ್ನೆ ಹೊಂದಿಕೊಂಡು ಹೋಗಿ ಅಂತ ಬುದ್ಧಿ ಹೇಳಿ ಕಳಿಸಿದ್ದಲ್ಲ. ವಾದ್ಯ, ದುಡ್ಡು, ಕಾವಲು, ಸುಣ್ಣ, ಎಲ್ಲಕ್ಕೂ ವ್ಯವಸ್ಥೆ ಮಾಡಿ ಕಲ್ಲಿನಲ್ಲಿ ಕೊರೆಸಿದರು. ನೀನು ಅರ್ಜಿ ಬರೆಯುವಾಗ ಮಾಡುವುದೂ ಅದೇ ಕೆಲಸ ಕಣೇ.

ಹೊಯ್ಸಳರ ಜೈನ ರಾಣಿ ಶಾಂತಲೆಯನ್ನೂ ಮರೆಯಬೇಡ. ಗಂಡ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿಸಿದ, ಅವಳು ಬೆಳಗೊಳದಲ್ಲಿ ತನ್ನ ಬಸದಿ ಕಟ್ಟಿಸಿದಳು.

ಇನ್ನೊಂದು ಮಾತು, ಸ್ವಲ್ಪ ಖಾರದ್ದು. ಅಜ್ಜಿಯ ಅದೇ ಮಡಿಯಿಂದಾಗಿ ನಮ್ಮ ಹಿತ್ತಿಲ ಬಾಗಿಲಲ್ಲೇ ನಿಲ್ಲಬೇಕಾಗಿದ್ದವರೂ ಇದ್ದರು. ಅದು ತಪ್ಪು, ನಮ್ಮವರು ಅಂತ ಮುಚ್ಚಿಡಬಾರದು. ಧರ್ಮದ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿಯಲ್ಲೇ, ಸಾರ್ವಜನಿಕ ಹಿಂದೂ ದೇವಸ್ಥಾನಗಳ ಬಾಗಿಲನ್ನು ಹಿಂದೂಗಳ ಎಲ್ಲ ವರ್ಗದವರಿಗೂ ತೆರೆಸುವ ಕಾನೂನು ಮಾಡಬಹುದು ಅಂತಲೂ ಇದೆ. ಎರಡನ್ನೂ ಒಂದೇ ಕಡೆ ಇಟ್ಟಿದ್ದು ನನಗೆ ತುಂಬ ಸರಿ ಅನ್ನಿಸುತ್ತದೆ. ಪಕ್ಕದವರ ಮಸೀದಿಗೆ ನ್ಯಾಯ ಕೇಳುವವರು ತಮ್ಮ ಊರಿನ ಗುಡಿಯ ಹೊಸ್ತಿಲಲ್ಲಿ ಯಾರು ನಿಂತಿದ್ದಾರೆ ಅಂತಲೂ ನೋಡಬೇಕಲ್ವಾ. ನೀನು ಎರಡನ್ನೂ ಬಿಡಬೇಡ. ಪೂಜೆಯನ್ನೂ ಬಿಡಬೇಡ. ದೇವರನ್ನು ನಂಬುವುದು ಅಂದರೇನು ಅಂತ ಗೊತ್ತಿದ್ದವರಿಗೇ, ಇನ್ನೊಬ್ಬರ ಪ್ರಾರ್ಥನೆ ನಿಲ್ಲಿಸಿದಾಗ ಆಗುವ ನೋವು ಬೇಗ ಅರ್ಥವಾಗುತ್ತದೆ.

ಸ್ಮಶಾನಕ್ಕೆ ಹೋಗುವ ದಾರಿಗೆ ಬೇಲಿ ಹಾಕಿದ್ದಾರೆ ಅಂದಿದ್ದೆಯಲ್ಲ, ಆ ಊರಿನವರ ಕೇಸು ಏನಾಯ್ತು? ಸರ್ವೆ ನಕ್ಷೆ ಸಿಕ್ಕಿತಾ? ಅಪ್ಪನಿಗೆ ಹಳೆಯ ಪಹಣಿ ಓದುವುದು ಚೆನ್ನಾಗಿ ಬರುತ್ತದೆ. ಫೋಟೋ ಕಳಿಸಿದರೆ ಕೂತು ನೋಡಿ ಹೇಳುತ್ತಾರಂತೆ.

ಇಂತಿ,
ನಿನ್ನ ಅಮ್ಮ