ಫಿನ್ಲೆಂಡಿನ ಹಬ್ಬ 24ರ ಮಧ್ಯಾಹ್ನಕ್ಕೇ ಶುರು

ಮಾನ್ಯ ಸಂಪಾದಕರಿಗೆ,

ಪ್ರವಾಸದ ಪುಟಗಳಲ್ಲಿ ಫಿನ್ಲೆಂಡಿನ ಕ್ರಿಸ್‌ಮಸ್ ಎಂದರೆ ಸಾಂತಾ, ಹಿಮಸಾರಂಗದ ಗಾಡಿ, ಆಕಾಶದ ಹಸಿರು ಬೆಳಕು, ಇಷ್ಟಕ್ಕೇ ಮುಗಿಯುತ್ತದೆ. ಅಲ್ಲಿ ಹಬ್ಬ ಯಾವಾಗ, ಎಲ್ಲಿ, ಹೇಗೆ ನಡೆಯುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ 25ನ್ನೇ ಹಬ್ಬದ ದಿನವೆಂದುಕೊಂಡು, 24ರ ಸಂಜೆ ಬಂದಿಳಿದು, ಮುಚ್ಚಿದ ಅಂಗಡಿ ಸಾಲುಗಳ ಮುಂದೆ ಪೆಟ್ಟಿಗೆ ಎಳೆದುಕೊಂಡು ಓಡಾಡುವವರು ಪ್ರತಿ ವರ್ಷವೂ ಸಿಗುತ್ತಾರೆ.

ಫಿನ್ನರ ದೊಡ್ಡ ದಿನ ಡಿಸೆಂಬರ್ 24. ಅಂದು ಮಧ್ಯಾಹ್ನ ಸರಿಯಾಗಿ 12ಕ್ಕೆ ತುರ್ಕು ನಗರದ ಹಳೆಯ ಚೌಕದಲ್ಲಿ, ಬ್ರಿಂಕಲಾ ಭವನದ ಮಹಡಿಯಿಂದ, ಹಬ್ಬವನ್ನು ಶಾಂತಿಯಿಂದ ಆಚರಿಸಿ ಎಂದು ಸಾರುವ 'ಕ್ರಿಸ್‌ಮಸ್ ಶಾಂತಿ'ಯ ಘೋಷಣೆ ಓದುತ್ತಾರೆ. ಈ ಪದ್ಧತಿ 1320ರ ದಶಕದಿಂದ ಬಂದದ್ದೆಂದು ಹೇಳುತ್ತಾರೆ. ಫಿನ್ನಿಶ್, ಸ್ವೀಡಿಶ್ ಎರಡೂ ಭಾಷೆಗಳಲ್ಲಿ ಓದುತ್ತಾರೆ, ದೇಶವೆಲ್ಲ ರೇಡಿಯೊ, ಟೀವಿಯಲ್ಲಿ ಕೇಳುತ್ತದೆ. ಅಷ್ಟು ಹೊತ್ತಿಗೆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಲು ಶುರು. ಸಂಜೆಯಾದರೆ ಬಸ್ಸು ವಿರಳ, ಸಣ್ಣ ಊರುಗಳಲ್ಲಿ ಇಲ್ಲವೇ ಇಲ್ಲ. ದೂರದ ರೈಲುಗಳು ಅಂದು ಮಧ್ಯಾಹ್ನದಿಂದ 25ರವರೆಗೆ ಬಹುಪಾಲು ನಿಂತಿರುತ್ತವೆ. ಹೋಟೆಲುಗಳ ಊಟದ ಮನೆ ಬಿಟ್ಟರೆ ಹೊರಗೆ ಊಟ ಸಿಗುವುದು ಕಷ್ಟ. ಆದ್ದರಿಂದ ತಂಗುವ ಊರನ್ನು 23ರೊಳಗೆ ತಲುಪಬೇಕು, ಎರಡು ದಿನಕ್ಕಾಗುವಷ್ಟು ಬ್ರೆಡ್ಡು, ಹಾಲು, ಹಣ್ಣು ಕೊಂಡಿಡಬೇಕು, 24ರ ರಾತ್ರಿಯ ಊಟವನ್ನು ಮೊದಲೇ ಕಾಯ್ದಿರಿಸಬೇಕು.

ಹಿಮ ನೋಡಲೇಬೇಕೆಂದರೆ ಹೆಲ್ಸಿಂಕಿಯನ್ನು ನಂಬಿ ಕೂರಬೇಡಿ. ಕಡಲ ತೀರದ ಆ ನಗರದಲ್ಲಿ ಹಬ್ಬದ ದಿನ ಬರೀ ಮಳೆ ಹನಿಯುವುದೂ ಉಂಟು. ಹಿಮ ಖಾತ್ರಿಯಿರುವುದು ಉತ್ತರದ ಲ್ಯಾಪ್‌ಲ್ಯಾಂಡಿನಲ್ಲಿ. ಹೆಲ್ಸಿಂಕಿಯಿಂದ ಅಲ್ಲಿನ ಮುಖ್ಯ ಊರಾದ ರೊವಾನಿಯೆಮಿಗೆ ರಾತ್ರಿ ರೈಲಿನಲ್ಲಿ ಸುಮಾರು 12 ಗಂಟೆಯ ದಾರಿ. ಅಲ್ಲಿಂದ 8 ಕಿಲೋಮೀಟರು ಉತ್ತರಕ್ಕೆ, ಆರ್ಕ್ಟಿಕ್ ವೃತ್ತದ ಮೇಲೆಯೇ ಸಾಂತಾ ಗ್ರಾಮ. ಅಲ್ಲಿನ ಅಂಚೆ ಕಚೇರಿಯಲ್ಲಿ ಎರಡು ಬಗೆಯ ಪೆಟ್ಟಿಗೆಗಳಿವೆ. ಒಂದಕ್ಕೆ ಹಾಕಿದ ಪತ್ರ ಕೂಡಲೇ ಹೊರಡುತ್ತದೆ, ಇನ್ನೊಂದಕ್ಕೆ ಹಾಕಿದ್ದು ಮುಂದಿನ ಕ್ರಿಸ್‌ಮಸ್ಸಿಗೆ! ಓದಿ ನೋಡಿ ಹಾಕಿ. ಡಿಸೆಂಬರ್ ಮೂರನೇ ವಾರದ ಹೊತ್ತಿಗೆ ರೊವಾನಿಯೆಮಿಯಲ್ಲಿ ಸೂರ್ಯ ಕಾಣುವುದು ದಿನಕ್ಕೆ ಎರಡು ಗಂಟೆ ಚಿಲ್ಲರೆ ಮಾತ್ರ. ತುತ್ತತುದಿಯ ಉತ್ಸ್‌ಯೋಕಿಯಲ್ಲಿ ಏಳು ವಾರ ಸೂರ್ಯೋದಯವೇ ಇಲ್ಲ. ಬೆಳಕು ಬೇಕಾದ ತಿರುಗಾಟವನ್ನೆಲ್ಲ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಇಟ್ಟುಕೊಳ್ಳಿ. ಹಸಿರು ಬೆಳಕಿಗೆ ಕತ್ತಲೊಂದೇ ಸಾಲದು, ಮೋಡವೂ ಇರಬಾರದು. ಒಂದೇ ರಾತ್ರಿ ಉಳಿದು ನಿರಾಶೆಯಾಗುವ ಬದಲು ನಾಲ್ಕೈದು ರಾತ್ರಿ ಕೈಯಲ್ಲಿರಲಿ.

ಬಟ್ಟೆಯ ವಿಷಯದಲ್ಲಿ ಜನ ಮಾಡುವ ತಪ್ಪು ಒಂದೇ: ಮೈಗೆ ಹತ್ತಿ ಬಟ್ಟೆ, ಮೇಲೊಂದು ದಪ್ಪ ಕೋಟು. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಆ ಒದ್ದೆಯೇ ಮೈಯ ಬಿಸಿಯನ್ನು ಎಳೆಯುತ್ತದೆ. ಮೈಗೆ ತಾಗುವ ಪದರ ತೆಳು ಉಣ್ಣೆಯದಾಗಿರಲಿ, ನಡುವೆ ದಪ್ಪ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ಕೋಟು. ಬೂಟು ಒಂದು ಅಳತೆ ದೊಡ್ಡದೇ ಇರಬೇಕು. ಎರಡು ಕಾಲುಚೀಲ ತುರುಕಿ ಬಿಗಿಯಾದ ಬೂಟಿನಲ್ಲಿ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಕೆನ್ನೆ, ಮೂಗಿನ ಮೇಲೆ ಬಿಳಿ ಮಚ್ಚೆ ಕಂಡರೆ ಒಳಗೆ ಹೋಗಿ ಬೆಚ್ಚನೆಯ ಅಂಗೈ ಒತ್ತಿ ಹಿಡಿಯಿರಿ, ಹಿಮದಿಂದ ಉಜ್ಜಲೇಬಾರದು. ಮೊಬೈಲು ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ. ಕ್ಯಾಮೆರಾವನ್ನು ಒಳಗೆ ತರುವ ಮುನ್ನ, ಹೊರಗಿರುವಾಗಲೇ ಗಾಳಿಯಾಡದ ಚೀಲದಲ್ಲಿ ಮುಚ್ಚಿ. ಇಲ್ಲದಿದ್ದರೆ ಕೋಣೆಯ ತೇವವೆಲ್ಲ ಮಸೂರದ ಮೇಲೆ ನೀರಾಗಿ ಕೂರುತ್ತದೆ.

ಹಬ್ಬದ ಸೌನಾ, ಅಂದರೆ ಕಾದ ಮರದ ಕೋಣೆಯಲ್ಲಿ ಕೂತು ಬೆವರುವುದು, 24ರ ಮಧ್ಯಾಹ್ನದ ಮೇಲೆ. ಅದನ್ನು ಬರೀ ಬಿಸಿಸ್ನಾನವೆಂದು ತಿಳಿದು ಗದ್ದಲ ಮಾಡುವುದು ಸಲ್ಲ, ಫಿನ್ನರಿಗೆ ಆ ಹೊತ್ತು ಮಡಿಯಷ್ಟೇ ಗಂಭೀರ. ಮೊದಲು ಮೈ ತೊಳೆದು, ಸರ, ಉಂಗುರ ತೆಗೆದಿಟ್ಟು ಒಳಗೆ ಹೋಗಬೇಕು. 80 ಡಿಗ್ರಿಯಲ್ಲಿ ಲೋಹ ಚರ್ಮವನ್ನು ಸುಡುತ್ತದೆ. ಹೊಸಬರು ಕೆಳಗಿನ ಹಲಗೆಯಲ್ಲಿ ಕೂರುವುದು ಲೇಸು, ಬಿಸಿಯೆಲ್ಲ ಮೇಲಿರುತ್ತದೆ. ಕಾದ ಕಲ್ಲಿನ ಮೇಲೆ ನೀರು ಒಂದೊಂದೇ ಸೌಟು, ಅದೂ ಕೂತವರನ್ನು ಕೇಳಿ. ತಲೆ ಹಗುರಾಯಿತೆನಿಸಿದರೆ ತಕ್ಷಣ ಹೊರಬನ್ನಿ, ನೀರು ಕುಡಿಯಿರಿ.

ಅಂದಿನ ಊಟದಲ್ಲಿ ಹಂದಿಮಾಂಸವೇ ಮುಖ್ಯ. ಸಸ್ಯಾಹಾರಿಗಳಿಗೆ ಕ್ಯಾರೆಟ್, ಆಲೂಗೆಡ್ಡೆಯ ಒಲೆಯಡುಗೆಗಳಿವೆ, ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಿ. ಎಲ್ಲರಿಗೂ ಸಲ್ಲುವುದು ಅಕ್ಕಿಯ ಗಂಜಿ. ಅಡುಗೆಮನೆಯಿರುವ ಕೋಣೆ ಸಿಕ್ಕರೆ ನೀವೇ ಮಾಡಬಹುದು: ಗಂಜಿಯ ಗುಂಡಕ್ಕಿ ಒಂದು ಲೋಟ, ನೀರು ಒಂದೂವರೆ ಲೋಟ, ಹಾಲು ನಾಲ್ಕು ಲೋಟ. ನೀರು ಇಂಗುವವರೆಗೆ ಅಕ್ಕಿ ಬೇಯಿಸಿ, ಆಮೇಲೆ ಹಾಲು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಉರಿ ಜೋರಾದರೆ ತಳ ಹಿಡಿದು ಇಡೀ ಪಾತ್ರೆಗೆ ಸೀದ ವಾಸನೆ. ಉಪ್ಪು ಕೊನೆಗೆ. ಒಂದೇ ಒಂದು ಬಾದಾಮಿ ಅಡಗಿಸಿ, ಮೇಲೆ ಸಕ್ಕರೆ, ದಾಲ್ಚಿನ್ನಿ ಪುಡಿ ಉದುರಿಸಿ ಬಡಿಸುತ್ತಾರೆ. ಬಾದಾಮಿ ಯಾರ ಬಟ್ಟಲಿಗೆ ಬೀಳುತ್ತದೋ ಅವರಿಗೆ ಮುಂದಿನ ವರ್ಷ ಒಳ್ಳೆಯದು.

ಕತ್ತಲಾದ ಮೇಲೆ ಮನೆಮಂದಿಯೆಲ್ಲ ಸ್ಮಶಾನಕ್ಕೆ ಹೋಗಿ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುತ್ತಾರೆ. ಹಿಮದ ಮೇಲೆ ಸಾವಿರಾರು ದೀಪಗಳು! ಆ ದೇಶದಲ್ಲಿ ನೋಡಲೇಬೇಕಾದದ್ದು ಯಾವುದೆಂದರೆ ಸಾಂತಾ ಗ್ರಾಮಕ್ಕಿಂತ ಮೊದಲು ಇದನ್ನೇ ಹೇಳಬೇಕು. ಬೇರೆಡೆ ಮಣ್ಣಾದವರ ನೆನಪಿಗೆಂದು ಅನೇಕ ಸ್ಮಶಾನಗಳಲ್ಲಿ ಪ್ರತ್ಯೇಕ ಜಾಗವಿದೆ, ಪರಊರಿನವರೂ ಅಲ್ಲಿ ದೀಪವಿಡಬಹುದು. ಬತ್ತಿಯನ್ನು ಮಾತ್ರ ಅಂಗಡಿ ಮುಚ್ಚುವ ಮುನ್ನ ಕೊಳ್ಳಿ. ಮಾತು ಮೆಲ್ಲಗಿರಲಿ, ಜನರ ಮುಖದ ಫೋಟೊ ಬೇಡ.

ಫಿನ್ಲೆಂಡಿಗೆ ಹೋಗಲು ಬೇಕಾದ, ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣದ ಆರು ತಿಂಗಳ ಮೊದಲಿನಿಂದ ಹಾಕಬಹುದು. ನಿರ್ಧಾರಕ್ಕೆ 15 ದಿನ ಎಂದಿದ್ದರೂ 45ರವರೆಗೆ ಎಳೆಯಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಹಿಮಸಾರಂಗದ ಗಾಡಿಯನ್ನು 26ಕ್ಕೆ ಇಟ್ಟುಕೊಳ್ಳಿ. ಅದು ಸಂತ ಸ್ಟೀಫನನ ಹೆಸರಿನ ತಪಾನಿ ದಿನ, ಮನೆಯೊಳಗಿದ್ದ ಜನ ಹೊರಬಂದು ಜಾರುಬಂಡಿ ಸವಾರಿ ಮಾಡುವುದು ಅಂದಿನ ಹಳೆಯ ರೂಢಿ. ಗಾಡಿಯವರನ್ನು 'ನಿಮ್ಮಲ್ಲಿ ಎಷ್ಟು ಹಿಮಸಾರಂಗಗಳಿವೆ' ಎಂದು ಮಾತ್ರ ಕೇಳಬೇಡಿ. ಅಲ್ಲಿ ಅದು ಬ್ಯಾಂಕಿನಲ್ಲಿ ಎಷ್ಟು ಹಣವಿದೆ ಎಂದು ಕೇಳಿದಂತೆ.

ಇಂತಿ,
ತಮ್ಮ ಪತ್ರಿಕೆಯ ಓದುಗರು